ಎರಡು ಡಿಗ್ರಿಯ ತಂಗಾಳಿ

ನಮ್ಮ ಮನೆಯ ಬಚ್ಚಲ ಬಾಗಿಲ ಪಕ್ಕದಲ್ಲಿ ಮೈತೂಕ ನೋಡಿಕೊಳ್ಳುವ ಯಂತ್ರವೊಂದು ಕೂತಿದೆ; ಅದರ ಮೇಲೆ ನರಮನುಷ್ಯರು ಯಾರೂ ನಿಲ್ಲದಿದ್ದಾಗಲೂ ಅದು ಒಂದೂವರೆ ಕಿಲೋ ತೋರಿಸುತ್ತದೆ. ಡಾಕ್ಟರು ಸಕ್ಕರೆ ಕಾಯಿಲೆಯ ಭಯ ಹುಟ್ಟಿಸಿದ ವಾರ ಉತ್ಸಾಹದಿಂದ ಕೊಂಡು ತಂದದ್ದು. ಮೊದಲ ದಿನ ಈ ಒಂದೂವರೆ ಕಿಲೋವನ್ನು ಕಂಡ ನನ್ನ ಹೆಂಡತಿ, ಬಚ್ಚಲ ಹಬೆಯ ತೂಕವಿರಬೇಕು ಎಂದಳು. ನಾನು ಮಾತ್ರ ವೃತ್ತಿಗೌರವದಿಂದ ಕನ್ನಡಕ ಸರಿಪಡಿಸಿಕೊಂಡು, ಇದಕ್ಕೆ ಶೂನ್ಯದೋಷ ಎನ್ನುತ್ತಾರೆ, ಆಫ್‌ಸೆಟ್ ಎಂದೂ ಅನ್ನುತ್ತಾರೆ, ಗಾಬರಿಪಡುವಂಥದ್ದೇನೂ ಇಲ್ಲ, ನಿಂತ ಮೇಲೆ ಬಂದ ತೂಕದಿಂದ ಒಂದೂವರೆ ಕಳೆದರೆ ಮುಗಿಯಿತು ಎಂದು ಉಪನ್ಯಾಸ ಕೊಟ್ಟೆ. ಅಂದಿನಿಂದ ತೂಕ ನೋಡಿಕೊಂಡಾಗಲೆಲ್ಲ ಒಂದೂವರೆ ಕಳೆಯುತ್ತೇನೆ. ಮನಸ್ಸು ಪ್ರಸನ್ನವಾಗಿದ್ದ ದಿನ ಎರಡು ಕಳೆಯುವುದೂ ಉಂಟು.

ಕಳೆಯುವುದೇ ನನ್ನ ಕಸುಬು. ರಾಯದುರ್ಗದಲ್ಲಿ ಮನೆ ಮಾಡಿಕೊಂಡು, ಬೊಮ್ಮನಹಾಳಿನಿಂದ ಹಿಡಿದು ಮಡಕಶಿರದ ಆಚೆಯ ರೊಳ್ಳದವರೆಗೆ ಅಲ್ಲಲ್ಲಿ ಬಯಲಿನಲ್ಲಿ ನೆಟ್ಟ ಹವಾಮಾನದ ಉಪಕರಣಗಳನ್ನು ನೋಡಿಕೊಳ್ಳುವುದರಲ್ಲಿ ನನ್ನ ಕೂದಲು ಹಣ್ಣಾಯಿತು, ಮಂಡಿ ಸವೆಯಿತು, ನಿವೃತ್ತಿಗೆ ಈಗ ಬೆರಳೆಣಿಕೆಯ ತಿಂಗಳು ಉಳಿದಿವೆ. ಜನ ನನ್ನನ್ನು ಮಳೆ ಆಫೀಸಿನವನು ಎಂದು ಕರೆಯುತ್ತಾರೆ. ಮಳೆ ಬಾರದ ವರ್ಷ ಆ ಹೆಸರಿನಲ್ಲಿ ಸ್ವಲ್ಪ ಆಪಾದನೆಯೂ ಬೆರೆತಿರುತ್ತದೆ. ಗಾಳಿಯನ್ನೂ ಬಿಸಿಲನ್ನೂ ಅಳೆಯುವ ಯಂತ್ರ ಆಕಾಶದ ಜೊತೆ ನೇರವಾಗಿ ಸಂಭಾಷಣೆ ನಡೆಸುತ್ತದೆ ಎಂದು ನೀವು ಭಾವಿಸಿದ್ದರೆ, ಕ್ಷಮಿಸಿ, ಹಾಗೇನಿಲ್ಲ. ಅದಕ್ಕೆ ಗೊತ್ತಾಗುವುದು ತಂತಿಯಲ್ಲಿ ತೆವಳಿಕೊಂಡು ಬರುವ ಅತಿ ಸಣ್ಣ ವಿದ್ಯುತ್ ಸಂಕೇತ ಮಾತ್ರ. ಆ ಸಂಕೇತಕ್ಕೆ ದಾರಿಯಲ್ಲಿ ತುಕ್ಕು, ತೇವ, ಸಡಿಲ ಸ್ಕ್ರೂ, ಇರುವೆಗೂಡು ಏನೇನೋ ಅಡ್ಡ ಬಂದು, ಪೆಟ್ಟಿಗೆಯನ್ನು ಮುಟ್ಟುವ ಹೊತ್ತಿಗೆ ಅದು ಇದ್ದುದಕ್ಕಿಂತ ಒಂದಿಷ್ಟು ಹೆಚ್ಚೋ ಕಡಿಮೆಯೋ ಆಗಿರುತ್ತದೆ. ಬೊಮ್ಮನಹಾಳಿನ ಕಾಲುವೆಯ ಕೆಳಗಿನ ಭತ್ತದ ಗದ್ದೆಯಲ್ಲಿ ಒಂದು ಗರಿಯೂ ಅಲುಗದ ಮಧ್ಯಾಹ್ನ, ಗಾಳಿಯ ಪೆಟ್ಟಿಗೆ ಮಾತ್ರ ಮಂದಮಾರುತವನ್ನು ದಾಖಲಿಸುತ್ತಿತ್ತು. ರೊಳ್ಳದ ಬಿಸಿಲುಮಾಪಕವಂತೂ ಅಮಾವಾಸ್ಯೆಯ ಕತ್ತಲಿನಲ್ಲೂ ಚಿಟಿಕೆ ಬಿಸಿಲನ್ನು ಬರೆದುಕೊಳ್ಳುತ್ತಿತ್ತು. ಇವನ್ನೆಲ್ಲ ಹಿಡಿದು, ಇಂಥದ್ದರಿಂದ ಇಷ್ಟು ಕಳೆಯತಕ್ಕದ್ದು ಎಂದು ಚೀಟಿ ಅಂಟಿಸುವುದೇ ನನ್ನ ಸೇವೆಯ ಸಾರಾಂಶ.

ಈ ದೋಷದಲ್ಲಿ ಒಂದು ಬಗೆಯ ಸಜ್ಜನಿಕೆಯಿದೆ ಎಂಬುದನ್ನೂ ಹೇಳಬೇಕು. ಅದು ದಿನಕ್ಕೊಂದು ಸುಳ್ಳು ಹೇಳುವುದಿಲ್ಲ. ಹೇಳಿದ ಸುಳ್ಳನ್ನೇ ನಿಷ್ಠೆಯಿಂದ ವರ್ಷಗಟ್ಟಲೆ ಹೇಳುತ್ತದೆ. ನನ್ನ ಸೋದರಮಾವ ಒಬ್ಬರಿದ್ದರು, ಅವರ ಮಾತಿನಲ್ಲಿ ಅರ್ಧ ಕಳೆದರೆ ಸರಿಯಾಗಿ ಸತ್ಯ ಉಳಿಯುತ್ತಿತ್ತು. ಹೊಲದಲ್ಲಿ ಹತ್ತು ಅಡಿಯ ಹಾವು ಕಂಡೆ ಎಂದರೆ ನಾವು ಮಕ್ಕಳು ಮರುಮಾತಿಲ್ಲದೆ ಐದು ಅಡಿಯ ಹಾವಿಗೆ ಹೆದರುತ್ತಿದ್ದೆವು. ಇಂಥವರನ್ನು ನಂಬಿ ಬಾಳಬಹುದು. ಷರತ್ತು ಒಂದೇ: ಕಳೆಯುವ ಕೆಲಸವನ್ನು ಒಬ್ಬರೇ ಮಾಡಬೇಕು, ಒಂದೇ ಸಲ ಮಾಡಬೇಕು. ಇದನ್ನು ನಾನು ತರಬೇತಿಯ ಮೊದಲ ವಾರವೇ ಕಲಿತಿದ್ದೆ, ಅನಂತರ ಹಲವರಿಗೆ ಕಲಿಸಿದ್ದೂ ಉಂಟು. ಆದರೂ ನಾನೇ ಅದನ್ನು ಎರಡು ಬೇಸಿಗೆಗಳ ಕಾಲ ಮುರಿದೆ. ಆ ಕಥೆಯನ್ನು ಹೇಳಿ ಮುಗಿಸಿದರೆ ಅಂದಿನಿಂದ ಹೊತ್ತು ತಿರುಗುತ್ತಿರುವ ಈ ದಣಿವು ಸ್ವಲ್ಪ ಇಳಿಯಬಹುದು ಎಂಬ ಆಸೆಯಿಂದ ನಿಮ್ಮನ್ನು ಜೊತೆಗೆ ಕರೆದಿದ್ದೇನೆ.

ರಾಯದುರ್ಗವೆಂದರೆ ಹೊರಗಿನವರಿಗೆ ಗುಡ್ಡದ ಮೇಲಿನ ಕೋಟೆ ನೆನಪಾಗುತ್ತದೆ; ಒಳಗಿನವರಿಗೆ ಜೀನ್ಸ್ ಪ್ಯಾಂಟು. ಬೀದಿಗೆ ಹತ್ತಾರು ಮನೆಗಳಲ್ಲಿ ಹೊಲಿಗೆ ಮಿಷನ್ನು, ಮನೆಗಳ ಹಿಂದೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಸಾಲಾಗಿ ಕೂತ ಹೆಂಗಸರು, ಅವರ ಮೊಣಕಾಲ ಮೇಲೆ ನೀಲಿ ಬಟ್ಟೆಯ ರಾಶಿ. ಇಲ್ಲಿ ಕೆಲಸ ಕಲಿತವರು ಬಳ್ಳಾರಿಗೆ, ಬೆಂಗಳೂರಿಗೆ ಹೋಗುತ್ತಾರೆ. ಬೆಂಗಳೂರಿನ ಗಾರ್ಮೆಂಟಿನಲ್ಲಿ ಬೇಸತ್ತವರು ಇಲ್ಲಿಗೆ ಬರುತ್ತಾರೆ. ನಮ್ಮ ತಾಪಮಾಪಕಕ್ಕೆ ನಿಯಮದ ಪ್ರಕಾರ ಮರ ಗೋಡೆಗಳಿಂದ ದೂರವಾದ ವಿಶಾಲ ಬಯಲು ಬೇಕು. ಅಂಥ ಬಯಲುಗಳಲ್ಲಿ ಆಡುಗಳು ತಂತಿಯನ್ನು ಮೇದುಬಿಡುತ್ತಿದ್ದವಾದ್ದರಿಂದ, ಬೇಲಿಯೂ ಕಣ್ಗಾವಲೂ ಇದ್ದ ಒಂದು ಹೊಲಿಗೆ ಶೆಡ್ಡಿನ ಹಿಂದಿನ ಖಾಲಿ ನಿವೇಶನದಲ್ಲಿ ಅದನ್ನು ನೆಟ್ಟೆ. ಅಂಕಿ ತೋರಿಸುವ ಪೆಟ್ಟಿಗೆ ಮಾತ್ರ ಮಳೆ ಧೂಳು ತಾಗದಂತೆ ಶೆಡ್ಡಿನ ಒಳಗೋಡೆಯ ಮೇಲೆ ಬಂತು. ಅಷ್ಟು ದೂರಕ್ಕೆ ತಂತಿ ಎಳೆದಾಗಲೇ ಎಡವಟ್ಟಾದದ್ದು. ತಂತಿ ಉದ್ದವಾದಷ್ಟೂ ಅದರ ಪ್ರತಿರೋಧ ಹೆಚ್ಚುತ್ತದೆ, ಆ ಹೆಚ್ಚಳವನ್ನೂ ನಮ್ಮ ಪೆಟ್ಟಿಗೆ ಬಿಸಿಲಿನ ಖಾತೆಗೇ ಸೇರಿಸುತ್ತದೆ. ಪರಿಣಾಮವಾಗಿ ಅದು ಇದ್ದ ತಾಪಕ್ಕಿಂತ ಸರಿಯಾಗಿ ಎರಡು ಡಿಗ್ರಿ ಹೆಚ್ಚು ತೋರಿಸತೊಡಗಿತು. ಮೂರು ಎಳೆಯ ತಂತಿ ಹಾಕಿದರೆ ಈ ರೋಗ ವಾಸಿಯಾಗುತ್ತದೆ. ಅದನ್ನು ಕಳುಹಿಸಿರೆಂದು ಮೇಲಿನವರಿಗೆ ಬರೆದು, ಅದು ಬರುವವರೆಗೆ ಎರಡು ಕಳೆದರಾಯಿತು ಎಂದು ಚೀಟಿ ಅಂಟಿಸಿ ಕೈತೊಳೆದುಕೊಂಡೆ.

ಪೆಟ್ಟಿಗೆಯನ್ನು ದಿನವೂ ಮಧ್ಯಾಹ್ನ ಹನ್ನೆರಡೂವರೆಗೆ ನೋಡಿ ಅಂಕಿಯನ್ನು ನನ್ನ ಮೊಬೈಲಿಗೆ ಕಳುಹಿಸುವ ಕೆಲಸವನ್ನು ಹುಲಿಗೆಮ್ಮ ಒಪ್ಪಿಕೊಂಡರು. ಹುಲಿಗೆಮ್ಮ ಆ ಶೆಡ್ಡಿನ ಹಿರಿಯ ಹೊಲಿಗೆಯವರು; ಹೊಸ ನಮೂನೆಯ ಪ್ಯಾಂಟು ಬಂದರೆ ಅದರ ಅಳತೆ ತೆಗೆದು ಬರೆದುಕೊಡುವವರೂ ಅವರೇ. ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲ್, ಕೊರಳಲ್ಲಿ ತಾಳಿಯ ಜೊತೆಗೆ ಅಳತೆಯ ಟೇಪು. ಅವರಿಗೆ ನಾನು ಎರಡು ಡಿಗ್ರಿಯ ವಿಷಯವನ್ನು ವಿವರಿಸಿ, ಅದನ್ನು ಕಳೆಯಬೇಕಾಗುತ್ತದೆ ಎಂದು ಹೇಳಿದ್ದೆ. ಯಾರು ಕಳೆಯಬೇಕು ಎಂದು ಹೇಳಲಿಲ್ಲ. ಕಳೆಯುವವನು ನಾನೇ ಎಂಬುದು ನನ್ನ ಮಟ್ಟಿಗೆ ಅಷ್ಟು ಸ್ವಯಂಸಿದ್ಧವಾಗಿತ್ತು.

ಆ ಶೆಡ್ಡಿನಲ್ಲಿ ನನ್ನ ಅಂಕಿಗೆ ಒಂದು ಘನತೆ ಬಂದದ್ದು ಮೊದಲ ಬೇಸಿಗೆಯ ಆರಂಭದಲ್ಲಿ. ತಗಡಿನ ಕೆಳಗೆ ಮಧ್ಯಾಹ್ನದ ಹೊತ್ತು ಕೂರಲಾಗುವುದಿಲ್ಲವೆಂದು ಹೆಂಗಸರು ಮಾಲೀಕರನ್ನು ಕೇಳಿದರು. ಮಾಲೀಕರು ಕೆಟ್ಟವರಲ್ಲ, ಆದರೆ ದಿನವೂ ಇವತ್ತು ಬಹಳ ಧಗೆ ಎಂದು ಎದ್ದುಹೋದರೆ ಗತಿಯೇನು ಎಂಬ ಚಿಂತೆ ಅವರದು. ಕೊನೆಗೆ ಒಂದು ಒಪ್ಪಂದವಾಯಿತು: ಮಳೆ ಆಫೀಸಿನ ಲೆಕ್ಕದಲ್ಲಿ ತಾಪ ನಲವತ್ತು ಮುಟ್ಟಿದ ದಿನ ಒಂದರಿಂದ ನಾಲ್ಕರವರೆಗೆ ಮಿಷನ್ನುಗಳನ್ನು ನಿಲ್ಲಿಸುವುದು, ಮುಟ್ಟದ ದಿನ ದುಡಿಯುವುದು, ಇದರಲ್ಲಿ ಚರ್ಚೆ ಕೂಡದು. ಹುಲಿಗೆಮ್ಮ ನನಗೆ ಅಂಕಿ ಕಳುಹಿಸುವುದು, ನಾನು ಅದನ್ನು ಪರಿಷ್ಕರಿಸಿ ಮಾಲೀಕರಿಗೆ ಕಳುಹಿಸುವುದು, ಅವರು ಅದನ್ನು ನೋಡಿ ಸ್ವಿಚ್ಚಿನ ಬಳಿ ಹೋಗುವುದೋ ಬಿಡುವುದೋ ಮಾಡುವುದು. ಇಷ್ಟು ಜನರ ಮಧ್ಯಾಹ್ನವನ್ನು ನನ್ನ ಹೆಬ್ಬೆರಳು ನಿರ್ಧರಿಸುತ್ತದೆ ಎಂದು ನಾನು ಒಳಗೊಳಗೇ ಬೀಗಿದ್ದೂ ಸುಳ್ಳಲ್ಲ.

ಎರಡು ಬೇಸಿಗೆಗಳಲ್ಲಿ ಮಿಷನ್ನು ನಿಂತ ದಿನಗಳು ತೀರ ಕಡಿಮೆ. ಬೊಮ್ಮನಹಾಳು ನಲವತ್ತೊಂದು ಎನ್ನುವ ದಿನ ರಾಯದುರ್ಗ ಮೂವತ್ತೊಂಬತ್ತು ಎನ್ನುತ್ತಿತ್ತು. ಇಂಥ ವ್ಯತ್ಯಾಸ ಕಂಡಾಗ ಉಪಕರಣದ ಬುಡಕ್ಕೆ ಹೋಗಿ ನೋಡಬೇಕಾದದ್ದು ಧರ್ಮ. ಆದರೆ ನನಗೆ ಆ ವಯಸ್ಸಿಗೆ ಬುಡಕ್ಕೆ ಹೋಗುವುದಕ್ಕಿಂತ ಕಾರಣ ಕಲ್ಪಿಸುವುದು ಸುಲಭವಾಗಿತ್ತು. ಊರಿನ ನೆತ್ತಿಯ ಮೇಲಿರುವ ಗುಡ್ಡದ ಬಂಡೆಗಳ ನಡುವಿನಿಂದ ಮಧ್ಯಾಹ್ನದ ಹೊತ್ತು ಒಂದು ಸ್ಥಳೀಯ ತಂಗಾಳಿ ಇಳಿದು ಬರುತ್ತದೆ, ಅದು ಊರನ್ನು ಎರಡು ಡಿಗ್ರಿಯಷ್ಟು ತಂಪಾಗಿಡುತ್ತದೆ ಎಂದು ವಾರ್ಷಿಕ ವರದಿಯಲ್ಲಿ ಬರೆದೆ. ಬರೆದದ್ದು ಸಾಲದೆಂದು ಹೈಸ್ಕೂಲೊಂದರಲ್ಲಿ ಇದೇ ವಿಷಯವಾಗಿ ಭಾಷಣವನ್ನೂ ಮಾಡಿದೆ. ಸಭಿಕರು ಬೆವರೊರೆಸಿಕೊಳ್ಳುತ್ತ ಆ ತಂಗಾಳಿಯ ವರ್ಣನೆಯನ್ನು ಕೇಳಿ ಚಪ್ಪಾಳೆ ತಟ್ಟಿದರು. ಆ ಗಾಳಿ ಬೀಸುತ್ತಿದ್ದುದು ಗುಡ್ಡದಿಂದಲ್ಲ, ನನ್ನ ಹೆಬ್ಬೆರಳಿನಿಂದ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಶೆಡ್ಡಿನ ಹೆಂಗಸರೂ ಅಂಕಿಯನ್ನು ಅನುಮಾನಿಸಲಿಲ್ಲ. ತಮ್ಮ ಮೈಯನ್ನು ಅನುಮಾನಿಸಿದರು. ಮೂವತ್ತೊಂಬತ್ತಕ್ಕೇ ಹೀಗಾದರೆ ಹೇಗೆ ಎಂದು ಒಬ್ಬರನ್ನೊಬ್ಬರು ಹಂಗಿಸಿಕೊಂಡು ನೀರು ಕುಡಿದು ಮತ್ತೆ ಕೂರುತ್ತಿದ್ದರು. ಈ ಹಂಗಿಸುವಿಕೆಗೆ ಹೆಚ್ಚು ಗುರಿಯಾದವಳು ಮಂಜುಳ. ರೊಳ್ಳದ ಕಡೆಯ ಹುಡುಗಿ; ಮದುವೆಯಾದ ಮೇಲೆ ಕೆಲವು ವರ್ಷ ಬೆಂಗಳೂರಿನ ಗಾರ್ಮೆಂಟಿನಲ್ಲಿ ದುಡಿದು, ಅಲ್ಲಿನ ಧಾವಂತ ಸಾಕಾಗಿ ರಾಯದುರ್ಗದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಈ ಶೆಡ್ಡಿಗೆ ಬರುತ್ತಿದ್ದಳು. ಬೆಂಗಳೂರಿನ ತಂಪಿನಲ್ಲಿ ಇದ್ದು ಮೆತ್ತಗಾಗಿದ್ದಾಳೆ ಎಂದು ಉಳಿದವರ ತಮಾಷೆ. ಎರಡನೆಯ ಬೇಸಿಗೆಯಲ್ಲಿ, ಯುಗಾದಿ ಕಳೆದು ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ, ಸೊಂಟಪಟ್ಟಿಗೆ ಬೆಲ್ಟು ತೂರಿಸುವ ಲೂಪು ಕೂರಿಸುತ್ತಿದ್ದ ಆಕೆಯ ಬಲಗೈ ತೋರುಬೆರಳಿನ ಉಗುರನ್ನೂ ಮೂಳೆಯನ್ನೂ ತೂರಿಕೊಂಡು ಸೂಜಿ ಹೋಯಿತು. ಆಸ್ಪತ್ರೆಯ ಉಪಚಾರವೇನೋ ಚೆನ್ನಾಗಿಯೇ ಆಯಿತು, ಆದರೆ ಬೆರಳು ಮಡಿಸುವುದನ್ನು ಮರೆಯಿತು. ಊಟ ಮಾಡಿ ಬಂದು ತೂಕಡಿಸಿದಳು ಎಂದು ಮಾಲೀಕರು ಅಂದರು, ಪಕ್ಕದವರೂ ಹೌದೆಂದರು, ನಾನೂ ಕೇಳಿ ಲೊಚಗುಟ್ಟಿದೆ. ಮಂಜುಳ ರೊಳ್ಳಕ್ಕೆ ಹಿಂತಿರುಗಿದಳು.

ಮೂರು ಎಳೆಯ ತಂತಿ ಬಂದದ್ದು ಅದಾದ ಒಂದು ತಿಂಗಳಿಗೆ. ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಹೋಲಿಸಿ ನೋಡಲು ಗಾಜಿನ ತಾಪಮಾಪಕವೊಂದನ್ನು ಹಿಡಿದು ನಾನು ಶೆಡ್ಡಿಗೆ ಹೋದಾಗ ಸರಿಯಾಗಿ ಹನ್ನೆರಡೂವರೆ. ಹುಲಿಗೆಮ್ಮ ಮಿಷನ್ನು ನಿಲ್ಲಿಸಿ ಎದ್ದು ಪೆಟ್ಟಿಗೆಯ ಮುಂದೆ ನಿಂತರು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಪೆಟ್ಟಿಗೆಯ ಮೇಲೆ ನಲವತ್ತೆರಡೂವರೆ. ಅವರು ಕಿವಿಯಿಂದ ಪೆನ್ಸಿಲ್ ತೆಗೆದು, ಕ್ಷಣಕಾಲ ತುಟಿ ಅಲ್ಲಾಡಿಸಿ, ತಮ್ಮ ನೋಟ್‌ಬುಕ್ಕಿನಲ್ಲಿ ನಲವತ್ತೂವರೆ ಎಂದು ಬರೆದರು. ಅದನ್ನೇ ಮೊಬೈಲಿನಲ್ಲಿ ಒತ್ತಿ ಕಳುಹಿಸಿದರು. ನನ್ನ ಜೇಬಿನಲ್ಲಿ ಸದ್ದಾಯಿತು. ಅಭ್ಯಾಸಬಲದಿಂದ ನನ್ನ ಹೆಬ್ಬೆರಳು ಮೂವತ್ತೆಂಟೂವರೆ ಎಂದು ಬರೆಯಲು ಆಗಲೇ ಹೊರಟಿತ್ತು.

“ಹುಲಿಗೆಮ್ಮಾರ, ಪೆಟ್ಟಿಗ್ಯಾಗ ನಲವತ್ತೆರಡೂವರೆ ಐತಲ್ರಿ, ನೀವು ಯಾಕ ನಲವತ್ತೂವರೆ ಬರದ್ರಿ?” ಎಂದೆ.

“ಎರಡು ತಗದು ಬರದೀನ್ರಿ ಸಾರ್. ವೈರು ಉದ್ದ ಆಗಿ ಎರಡು ಜಾಸ್ತಿ ತೋರಸ್ತೈತಿ, ಕಳೀಬೇಕು ಅಂತ ನೀವ ಹೇಳಿದ್ರಲ್ಲ?”

“ಯಾವತ್ತಿಂದ ಹಿಂಗ ತಗಿತೀರಿ?”

“ಮೊದಲನೇ ದಿನದಿಂದಾನ್ರಿ. ಅಳತಿ ತಗದೋರ ಮಾರ್ಜಿನ್ ನೋಡ್ಕೊಂಡು ಬರಿಬೇಕ್ರಿ. ಮುಂದಿನೋರ ಕೈಗೆ ಹಸಿ ಅಳತಿ ಕೊಟ್ರ ಬಟ್ಟಿ ಕೆಡತೈತಿ.”

ಇದು ಆ ಕಸುಬಿನ ಕಟ್ಟುನಿಟ್ಟಾದ ರಿವಾಜು. ಜೀನ್ಸ್ ಬಟ್ಟೆ ತೊಳೆದ ಮೇಲೆ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ, ಹೊಲಿಗೆಗೆ ಎಷ್ಟು ಬಿಡಬೇಕು ಎಂಬುದನ್ನೆಲ್ಲ ಟೇಪು ಹಿಡಿದವರೇ ಲೆಕ್ಕ ಹಾಕಿ ಕೊನೆಯ ಅಂಕಿಯನ್ನು ಬರೆಯುತ್ತಾರೆ. ಕತ್ತರಿ ಹಿಡಿದ ಕಟಿಂಗ್ ಮಾಸ್ಟರ್ ಅದನ್ನು ಪ್ರಶ್ನಿಸದೆ ಬಟ್ಟೆ ಕತ್ತರಿಸುತ್ತಾರೆ. ಇಬ್ಬರೂ ಲೆಕ್ಕ ಹಾಕಿದರೆ ಪ್ಯಾಂಟು ಯಾರಿಗೂ ಆಗುವುದಿಲ್ಲ. ನಮ್ಮ ಶಾಸ್ತ್ರ ಇದಕ್ಕೆ ತೀರ ತಿರುವುಮುರುವು: ನೋಡಿದವನು ಕಂಡದ್ದನ್ನು ಕಂಡಂತೆ ಬರೆಯಬೇಕು, ತಿದ್ದುವುದು ಮೇಲಿನವನ ಹಕ್ಕು. ಒಂದೇ ಶೆಡ್ಡಿನಲ್ಲಿ ಈ ಎರಡು ಸಂಪ್ರದಾಯಗಳು ಎರಡು ವರ್ಷ ಪರಸ್ಪರ ಮುಖ ನೋಡದೆ ಸಂಸಾರ ಮಾಡಿದ್ದವು. ಆ ದಿನದ ಅಂಕಿಯನ್ನು ನಲವತ್ತೂವರೆ ಎಂದೇ ಮಾಲೀಕರಿಗೆ ಕಳುಹಿಸಿ, ಮಿಷನ್ನುಗಳು ನಿಂತ ಮೇಲೆ ತಂತಿ ಬದಲಿಸಿ, ಹುಲಿಗೆಮ್ಮನವರಿಗೆ ಆಮೇಲೆ ಹೇಳುತ್ತೇನೆ ಎಂದಷ್ಟೇ ಹೇಳಿ ಮನೆಗೆ ಬಂದುಬಿಟ್ಟೆ.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೇಲಿನವರಿಗೆ ಒಂದು ಪತ್ರದ ಕರಡನ್ನು ಬರೆದೆ. ‘ಕ್ಷೇತ್ರವೀಕ್ಷಕಿಯು ನಿಗದಿತ ಕಾರ್ಯವಿಧಾನವನ್ನು ಅನುಸರಿಸದ ಕಾರಣ ರಾಯದುರ್ಗ ಕೇಂದ್ರದ ದತ್ತಾಂಶದಲ್ಲಿ ಎರಡು ಡಿಗ್ರಿಯ ನ್ಯೂನತೆ ಉಂಟಾಗಿರುತ್ತದೆ’ ಎಂಬುದು ಅದರ ಮೊದಲ ವಾಕ್ಯ. ಸುದೀರ್ಘ ಸೇವೆಯಲ್ಲಿ ನನ್ನ ಗದ್ಯ ಎಷ್ಟು ಪಳಗಿದೆಯೆಂದರೆ, ನುಣುಚಿಕೊಳ್ಳುವ ವಾಕ್ಯಗಳು ತಾವಾಗಿಯೇ ಹರಿದು ಬರುತ್ತವೆ. ಸೊಪ್ಪು ಸೋಸುತ್ತ ಕೂತಿದ್ದ ಹೆಂಡತಿಗೆ ಅದನ್ನು ಓದಿ ಹೇಳಿದೆ. ಆಕೆಗೆ ದತ್ತಾಂಶವೆಂದರೆ ಏನೆಂದು ತಿಳಿಯದಿದ್ದರೂ ಮನುಷ್ಯರ ಜಾಡು ಚೆನ್ನಾಗಿ ತಿಳಿಯುತ್ತದೆ.

“ಹುಲಿಗೆಮ್ಮ ಬರದದ್ದು ಖರೆ ಇತ್ತೋ ಇಲ್ಲೋ?” ಎಂದಳು.

“ಇತ್ತು,” ಎಂದೆ.

“ಮತ್ತ?” ಎಂದವಳು ಸೊಪ್ಪಿನಿಂದ ತಲೆಯೆತ್ತಲಿಲ್ಲ.

ಅಲ್ಲಿಯವರೆಗೆ ನನಗೆ ಅದು ಹೊಳೆದಿರಲೇ ಇಲ್ಲ ಎಂದರೆ ನೀವು ನಂಬಬೇಕು. ಹುಲಿಗೆಮ್ಮ ಎರಡು ವರ್ಷ ಒಂದು ದಿನವೂ ತಪ್ಪದೆ ನನ್ನ ಕೈಗೆ ಇಟ್ಟದ್ದು ಶುದ್ಧವಾದ, ಸಿದ್ಧವಾದ, ನಿಜವಾದ ತಾಪ. ಅದನ್ನು ಕೆಡಿಸಿದ್ದು ನಾನು. ತರಬೇತಿ ಪಡೆದವನು, ಚೀಟಿ ಅಂಟಿಸಿದವನು, ಗುಡ್ಡದ ತಂಗಾಳಿಯ ಮೇಲೆ ಭಾಷಣ ಮಾಡಿದವನು. ಅವರು ಕಳುಹಿಸುವುದು ಪೆಟ್ಟಿಗೆಯ ಅಂಕಿಯೋ ತಿದ್ದಿದ ಅಂಕಿಯೋ ಎಂದು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಹೊಲಿಗೆಯ ಹೆಂಗಸು ಲೆಕ್ಕ ಮಾಡಿಯೇ ಕಳುಹಿಸಿರಬಹುದು ಎಂಬ ಸಾಧ್ಯತೆಯೇ ನನ್ನ ತಲೆಗೆ ಬರಲಿಲ್ಲ, ಅದಕ್ಕೇ ಕೇಳಲಿಲ್ಲ. ಪತ್ರವನ್ನು ಹರಿದು, ‘ನನ್ನ ಅಜಾಗ್ರತೆಯಿಂದ’ ಎಂದು ಆರಂಭವಾಗುವ ಇನ್ನೊಂದನ್ನು ಬರೆಯುವಷ್ಟರಲ್ಲಿ ಬೆನ್ನು ಬಿದ್ದುಹೋಯಿತು.

ಮರುದಿನ ಬೆಳಿಗ್ಗೆ ಹುಲಿಗೆಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಅವರು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದರು.

“ಅಂದ್ರ ನಾ ಕಳಿಸಿದ್ದು ಖರೆ ಇತ್ತೇನ್ರಿ?”

“ಖರೆ ಇತ್ರಿ. ನಾನ ಅದರಾಗ ಇನ್ನೊಂದು ಸಲ ಕಳದೆ.”

“ನಾ ನಲವತ್ತೊಂದು ಕಳಿಸಿದ ದಿನ ಸಾಹುಕಾರ್ರು ಇವತ್ತು ಮೂವತ್ತೊಂಬತ್ತು, ನಡೀರಿ ಕೂಡ್ರಿ ಅಂತಿದ್ರು. ಆಫೀಸಿನ್ಯಾಗ ಇನ್ನೇನೋ ದೊಡ್ಡ ಲೆಕ್ಕ ಇರಬೇಕು, ನಮಗ ತಿಳಿಯಂಗಿಲ್ಲ ಅಂತ ಸುಮ್ನಾಗ್ತಿದ್ನಿರಿ.”

ಆ ದೊಡ್ಡ ಲೆಕ್ಕ ಯಾವುದೆಂದು ಅವರು ಕೇಳಲಿಲ್ಲ, ಪುಣ್ಯಕ್ಕೆ. ನೋಟ್‌ಬುಕ್ಕನ್ನು ತೆಗೆದು ಬೆರಳಿಗೆ ಉಗುಳು ಹಚ್ಚಿಕೊಂಡು ಹಾಳೆಗಳನ್ನು ಹಿಂದಕ್ಕೆ ತಿರುಗಿಸುತ್ತ ಹೋದರು. ಯಾವ ದಿನವನ್ನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನೂ ಹಿಂದಿನ ಸಂಜೆ ನನ್ನ ದಾಖಲೆಯಲ್ಲಿ ಅದೇ ದಿನವನ್ನು ತೆರೆದು ನೋಡಿದ್ದೆ. ಅಲ್ಲಿ ಮೂವತ್ತೊಂಬತ್ತು ಎಂದಿತ್ತು. ಇಲ್ಲಿ, ಪೆನ್ಸಿಲ್ಲಿನಲ್ಲಿ, ನಲವತ್ತೊಂದು. ಮಂಜುಳಳ ಬೆರಳಿನ ಮೇಲೆ ಸೂಜಿ ಇಳಿದ ಹೊತ್ತಿಗೆ ಆ ಶೆಡ್ಡಿನಲ್ಲಿ ಒಂದು ಮಿಷನ್ನೂ ಓಡುತ್ತಿರಬಾರದಿತ್ತು.

“ಆಕಿಗೆ ಹೇಳ್ರಿ ಸಾರ್,” ಎಂದರು ಹುಲಿಗೆಮ್ಮ. “ಫೋನಿನ್ಯಾಗ ಬ್ಯಾಡ. ನಾ ಹೇಳಿದ್ರ ಸಮಾಧಾನಕ್ಕ ಹೇಳ್ತಾಳ ಅಂತಾಳ. ನೀವ ಹೋಗಿ ಹೇಳ್ರಿ.” ನೋಟ್‌ಬುಕ್ಕನ್ನು ಒಂದು ನೀಲಿ ಚಿಂದಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಮಾಲೀಕರಿಗೂ ಹೇಳಿದೆ. ಅವರು ಕೂಗಾಡುತ್ತಾರೆಂದು ಎಣಿಸಿದ್ದೆ. ಕೂಗಾಡಿದ್ದರೆ ನನಗೂ ಒಂದು ರೀತಿಯ ನೆಮ್ಮದಿಯಾಗುತ್ತಿತ್ತು. “ನಾ ನಿಮ್ಮ ನಂಬರ್ ನಂಬಿದ್ನಿರಿ,” ಎಂದಷ್ಟೇ ಅಂದರು. ಆಮೇಲೆ, ಮಂಜುಳ ಬರುತ್ತೇನೆಂದರೆ ಬರಲಿ, ಬೆರಳಿಗೆ ಶ್ರಮವಿಲ್ಲದ ಕೆಲಸ ಕೊಡುತ್ತೇನೆ, ತೂಕಡಿಸಿದಳೆಂದು ನಾನೇ ಎಲ್ಲರ ಮುಂದೆ ಅಂದಿದ್ದೆ, ಅದನ್ನು ವಾಪಸ್ಸು ತೆಗೆದುಕೊಂಡೆನೆಂದು ಹೇಳಿ ಎಂದರು.

ರಾಯದುರ್ಗದಿಂದ ರೊಳ್ಳಕ್ಕೆ ಹೋಗುವುದೆಂದರೆ ಸುಮ್ಮನೆ ಅಲ್ಲ. ಕಲ್ಯಾಣದುರ್ಗದಲ್ಲಿ ಒಂದು ಬಸ್ಸು ಬಿಟ್ಟು, ಪಾವಗಡದಲ್ಲಿ ಇನ್ನೊಂದನ್ನು ಹಿಡಿದು, ಮಡಕಶಿರದಲ್ಲಿ ಮತ್ತೊಂದಕ್ಕೆ ಕಾಯಬೇಕು. ಈ ದಾರಿಯಲ್ಲಿ ರಾಜ್ಯ ಬದಲಾಗಿ ಮತ್ತೆ ಬದಲಾಗುತ್ತದೆ. ಅಂಗಡಿಯ ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೂ ಕನ್ನಡದಿಂದ ತೆಲುಗಿಗೂ ಹೊರಳುತ್ತವೆ, ಬಸ್ಸಿನೊಳಗಿನ ಮಾತು ಮಾತ್ರ ಎರಡನ್ನೂ ಕಲಸಿಕೊಂಡು ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಮೊದಲೆಲ್ಲ ಈ ದಾರಿಯಲ್ಲಿ ಹೇಮಾವತಿಯ ಸಿದ್ಧೇಶ್ವರನಿಗೆ ಒಂದು ಕೈ ಮುಗಿದು ಬರುವ ಹುಮ್ಮಸ್ಸಿರುತ್ತಿತ್ತು. ಈ ಸಲ ಕಿಟಕಿಗೆ ತಲೆ ಕೊಟ್ಟು, ಏನು ಹೇಳಬೇಕೆಂದು ವಾಕ್ಯಗಳನ್ನು ಜೋಡಿಸುತ್ತ, ಜೋಡಿಸಿದ್ದನ್ನು ಬಿಡಿಸುತ್ತ ಕೂತೆ. ಎದುರು ದಿಕ್ಕಿನಿಂದ ಗಾರ್ಮೆಂಟಿನ ಹೆಂಗಸರನ್ನು ತುಂಬಿಕೊಂಡ ವ್ಯಾನುಗಳು ಬರುತ್ತಿದ್ದವು. ಅವರಲ್ಲಿ ಅರ್ಧದಷ್ಟು ಮಂದಿ ಕೂತಲ್ಲೇ ನಿದ್ದೆ ಹೋಗಿದ್ದರು.

ಮಂಜುಳಳ ಅತ್ತೆಯ ಮನೆ ಊರಿನ ಅಂಚಿನಲ್ಲಿ, ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡಿದೆ. ಆಕೆ ರೇಷ್ಮೆಹುಳ ಸಾಕುವ ಕೋಣೆಯಲ್ಲಿ ಸೊಪ್ಪು ಹರಡುತ್ತಿದ್ದಳು. ಎಲ್ಲ ಬೆರಳುಗಳೂ ಸೊಪ್ಪನ್ನು ಹಿಡಿದರೆ ಬಲಗೈಯ ತೋರುಬೆರಳು ಮಾತ್ರ ನೆಟ್ಟಗೆ ನಿಂತಿತ್ತು. ಕಿಟಕಿಗಳಿಗೆ ನೆನೆಸಿದ ಗೋಣಿಚೀಲ ಕಟ್ಟಿದ್ದರು. ಗೋಡೆಗೆ ಒಂದು ತಾಪಮಾಪಕ ತೂಗುತ್ತಿತ್ತು. ಕಸುಬಿನವನ ಚಟ, ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯಿತು.

“ಮೂವತ್ತರ ಮ್ಯಾಕೆ ಬಿಡಂಗಿಲ್ಲ ಸಾ, ಹುಳ ತಡಿಯಲ್ಲ,” ಎಂದಳು ಮಂಜುಳ. “ಕೂತ್ಕಳಿ ಸಾ. ಇಷ್ಟ್ ದೂರ ಯಾಕ್ ಬಂದ್ರಿ?”

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳನ್ನು ಬದಿಗಿಟ್ಟೆ. ಚಿಂದಿಯನ್ನು ಬಿಚ್ಚಿ ಹುಲಿಗೆಮ್ಮನವರ ನೋಟ್‌ಬುಕ್ಕಿನ ಆ ಹಾಳೆಯನ್ನು ತೋರಿಸಿದೆ. ಆ ದಿನ ನಿಜವಾಗಿ ನಲವತ್ತೊಂದು ಇತ್ತೆಂದೂ, ನಾನು ತಪ್ಪಾಗಿ ಮೂವತ್ತೊಂಬತ್ತು ಮಾಡಿ ಕಳುಹಿಸಿದ್ದರಿಂದ ಮಿಷನ್ನುಗಳು ನಿಲ್ಲಲಿಲ್ಲವೆಂದೂ, ಆ ಹೊತ್ತಿನಲ್ಲಿ ನೀನು ಮಿಷನ್ನಿನ ಮುಂದೆ ಇರಲೇಬಾರದಿತ್ತೆಂದೂ, ತಪ್ಪು ಪೂರ್ತಿ ನನ್ನದೆಂದೂ ಹೇಳಿದೆ. ಮಾಲೀಕರು ಹೇಳಿದ್ದನ್ನೂ ಹೇಳಿದೆ. ಆಕೆ ಸಿಟ್ಟಾಗಲಿ, ಬೈಯಲಿ, ಬೇಕಾದರೆ ಹೊರಗೆ ಹೋಗಿ ಎನ್ನಲಿ ಎಂದು ಕಾದೆ. ಆಕೆ ಪೆನ್ಸಿಲ್ಲಿನ ಆ ಅಂಕಿಯ ಮೇಲೆ ಮಡಿಸಲಾಗದ ಬೆರಳನ್ನು ಇಟ್ಟಳು.

“ಕಣ್ಗೆ ಕತ್ಲೆ ಬಂದಂಗಾಯ್ತು ಸಾ ಅವೊತ್ತು,” ಎಂದಳು. “ಆಮ್ಯಾಕೆ ಏನೂ ಗ್ಯಾನ ಇಲ್ಲ. ಎಲ್ರೂವೆ ತೂಕಡಿಸ್ದೆ ಅಂದ್ರು. ಅಷ್ಟು ಜನ ಅಂದ್ಮ್ಯಾಲೆ ನಾನೂ ತೂಕಡಿಸಿರ್ಬೇಕು ಅಂದ್ಕಂಡೆ.” ಆಮೇಲೆ ನನ್ನ ಮುಖವನ್ನು ನೇರವಾಗಿ ನೋಡಿ ಕೇಳಿದಳು: “ಅಂಗಾರೆ ನಾನು ತೂಕಡಿಸ್ಲಿಲ್ವಾ ಸಾ?”

ನಿಯಮದ ಪ್ರಕಾರ ನಾನು ಇದಕ್ಕೆ ಉತ್ತರ ಕೊಡುವಂತಿಲ್ಲ. ಹೊರಗಿನ ಗಾಳಿಯ ತಾಪ ಇಷ್ಟಿತ್ತು ಎಂದು ಹೇಳಬಲ್ಲೆ. ತಗಡಿನ ಕೆಳಗೆ ಅದು ಇನ್ನೂ ಎಷ್ಟೋ ಹೆಚ್ಚಿದ್ದಿರಬೇಕು ಎಂದು ಊಹಿಸಬಲ್ಲೆ. ಒಬ್ಬ ಹೆಂಗಸಿನ ಕಣ್ಣಿಗೆ ಬಂದದ್ದು ನಿದ್ದೆಯೋ ಕತ್ತಲೆಯೋ ಎಂಬುದನ್ನು ಅಳೆಯುವ ಯಂತ್ರ ನನ್ನ ಬಳಿ ಇರಲಿಲ್ಲ. ಆಕೆ ಹೇಳಿದ ಮಾತೊಂದಿತ್ತು. ಅದರಿಂದ ಏನನ್ನೂ ಕಳೆಯಲು ನನಗೆ ಮನಸ್ಸು ಬರಲಿಲ್ಲ.

“ಇಲ್ಲಮ್ಮ,” ಎಂದೆ. “ನೀನು ತೂಕಡಿಸಲಿಲ್ಲ.”

ಆಕೆ ಸೊಪ್ಪಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನನ್ನು ಹಜಾರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಅತ್ತೆ ಕಂಬಕ್ಕೊರಗಿ ಕಡಲೆಕಾಯಿ ಸುಲಿಯುತ್ತಿದ್ದರು. “ಇವ್ರ ಹತ್ರಾನೂ ಒಂದ್ಸಲ ಹೇಳ್ಬುಡಿ ಸಾ. ಕಿವಿ ಮಂದ, ಜೋರಾಗಿ ಹೇಳ್ಬೇಕು,” ಎಂದಳು. ನಾನು ಬಾಗಿ ಜೋರಾಗಿ ಹೇಳಿದೆ. ಮುದುಕಿ ಕೈಯನ್ನು ಕಿವಿಗೆ ಅಡ್ಡ ಹಿಡಿದು ಏನಂದೆ ಎಂದರು. ಇನ್ನೂ ಜೋರಾಗಿ, ಭಾಷಣ ಮಾಡಿದ ಗಂಟಲೇ ಬೇಕಾಯಿತು, ಮಂಜುಳ ಆ ದಿನ ತೂಕಡಿಸಿರಲಿಲ್ಲ, ತಪ್ಪು ನನ್ನದು ಎಂದು ಕೂಗಿದೆ. ಪಕ್ಕದ ಮನೆಯ ಇಬ್ಬರು ಗೋಡೆಯ ಮೇಲಿನಿಂದ ಇಣುಕಿದರು. ಮುದುಕಿಗೆ ಈ ಸಲ ಕೇಳಿಸಿತು. ಸುಲಿಯುವುದನ್ನು ನಿಲ್ಲಿಸಿ ಸೊಸೆಯ ಕೈಯನ್ನೇ ನೋಡುತ್ತ ತಲೆಯಾಡಿಸಿದರು.

ಕೆಲಸ ಮುಗಿಯಿತೆಂದು ನಾನು ಚಪ್ಪಲಿ ಮೆಟ್ಟಿಕೊಳ್ಳಲು ಹೋದೆ. ಮಂಜುಳ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಇನ್ನೊಂದ್ಸಲ ಹೇಳಿ ಸಾ,” ಎಂದಳು.

ಅತ್ತೆಗೆ ಕೇಳಿಸಿತಲ್ಲಮ್ಮ ಎಂದೆ. ಅತ್ತೆಗಲ್ಲ ಎಂಬಂತೆ ಆಕೆ ತಲೆಯಾಡಿಸಿದಳು. ನಾನು ಇನ್ನೊಂದು ಸಲ ಹೇಳಿದೆ.